ಬೊಲೆರೋಗೆ ಹಳೇ ಇಂಜಿನ್ ಕೂರಿಸಲು ಹೊರಟಾಗ

ಮೂಡಿಗೆರೆ, ಸಕಲೇಶಪುರದ ಕಡೆ ತೋಟ ಇರುವವರ ಮನೆಗಳಲ್ಲಿ, ಕಂಪನಿಯಿಂದ ಬಂದ ಇಂಜಿನ್ನಿನಲ್ಲೇ ಕೊನೆಯವರೆಗೂ ಓಡಿದ ಜೀಪು ಕಾಣಸಿಗುವುದು ಕಷ್ಟ. ನಮ್ಮ ಚಿಕ್ಕಪ್ಪನ ಜೀಪು ಪೆಟ್ರೋಲ್ ಗಾಡಿಯಾಗಿ ಬಂದದ್ದು. ಆಮೇಲೆ ಮೆಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಹಾಕಿಸಿಕೊಂಡು ವರ್ಷಗಟ್ಟಲೆ ಕಾಫಿ ಮೂಟೆ ಹೊತ್ತಿತು. ಅದರ ಆರ್‌ಸಿ ಪುಸ್ತಕ ಈಗಲೂ ಮನೆಯಲ್ಲಿದೆ. ಇಂಧನದ ಕಾಲಂನಲ್ಲಿ ಪೆಟ್ರೋಲ್ ಅನ್ನೋದನ್ನ ಹೊಡೆದುಹಾಕಿ, ಡೀಸೆಲ್ ಅಂತ ಕೈಯಲ್ಲೇ ಬರೆದು, ಹೊಸ ಇಂಜಿನ್ ನಂಬರ್ ಹಾಕಿ, ಸೀಲು ಒತ್ತಿ ಸಹಿ ಮಾಡಿದ್ದಾರೆ. ಆ ಪುಟ ನೋಡಿಕೊಂಡು ಬೆಳೆದವನಿಗೆ ಇಂಜಿನ್ ಬದಲಿಸೋದು ಟೈರ್ ಬದಲಿಸಿದಷ್ಟೇ ಸಲೀಸು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ನನ್ನದು 2014ರ ಬೊಲೆರೋ. ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಉಜಿರೆಯಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯ ಮೇಲೆ ರೇಡಿಯೇಟರ್ ಹೋಸ್ ಒಡೆಯಿತು. ಹಿಂದಿನ ಮಾಲೀಕರು ಎಲ್ಲೋ ದಾರಿಬದಿಯಲ್ಲಿ ಹಾಕಿಸಿದ್ದ ಹೋಸ್ ಅದು. ನೀರೆಲ್ಲ ಒಮ್ಮೆಲೇ ಹೊರಗೆ ಹೋದರೆ ಟೆಂಪರೇಚರ್ ಮುಳ್ಳು ಏರುವ ಬದಲು ಇಳಿಯುತ್ತದೆ, ಯಾಕೆಂದರೆ ಸೆನ್ಸಾರ್ ಅಳೆಯುವುದು ನೀರಿನ ಬಿಸಿಯನ್ನ, ಅಲ್ಲಿ ನೀರೇ ಇರುವುದಿಲ್ಲ. ಗಾಡಿ ಎಳೆಯೋದು ಬಿಟ್ಟು ನಿಂತಾಗಲೇ ವಿಷಯ ಗೊತ್ತಾಗಿದ್ದು. ಕೊಟ್ಟಿಗೆಹಾರದವರೆಗೆ ಪಿಕಪ್ ಒಂದಕ್ಕೆ ಹಗ್ಗ ಕಟ್ಟಿ ಎಳೆಸಿದೆ.

ಮೇಸ್ತ್ರಿ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದರು. ಹೆಡ್ ಬಾಗಿತ್ತು, ಅದು ನಿರೀಕ್ಷಿಸಿದ್ದೇ. ಸಿಲಿಂಡರುಗಳಿರುವ ಕೆಳಗಿನ ಮುಖ್ಯ ಭಾಗ, ಅಂದರೆ ಬ್ಲಾಕನ್ನ ಹಾಸನದ ಲೇತಿಗೆ ಕಳಿಸಿದರೆ ಎರಡು ಸಿಲಿಂಡರ್ ನಡುವೆ ಬಿರುಕು ಅಂತ ಫೋನ್ ಬಂತು. ಬ್ಲಾಕ್ ಒಂದು ಉಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಂಜಿನ್ ನಂಬರ್ ಕೆತ್ತಿರುವುದು ಬ್ಲಾಕಿನ ಮೇಲೆ. ಪಿಸ್ಟನ್, ಕ್ರ್ಯಾಂಕ್, ಹೆಡ್, ಇಂಜೆಕ್ಟರ್ ಏನು ಬೇಕಾದರೂ ಅದೇ ಮಾದರಿಯದ್ದನ್ನ ಹೊಸದಾಗಿ ಹಾಕಿ, ಬ್ಲಾಕ್ ಅದೇ ಇದ್ದರೆ ಕಾಗದದ ಮಟ್ಟಿಗೆ ಅದು ಅದೇ ಇಂಜಿನ್. ಬ್ಲಾಕ್ ಬದಲಾಯಿತೋ, ನಂಬರ್ ಬದಲಾಯಿತು, ಆರ್‌ಟಿಓ ಬಾಗಿಲು ತೆರೆಯಿತು.

ಕಂಪನಿಯಿಂದ ಹೊಸ ಇಂಜಿನ್ ತರಿಸುವ ರೇಟು ಕೇಳಿದೆ. ಆ ವರ್ಷದ ಮೆಣಸಿನ ಫಸಲೆಲ್ಲ ಅದಕ್ಕೇ ಹೋಗುತ್ತಿತ್ತು. ಆಗ ಮೇಸ್ತ್ರಿ ತಮ್ಮ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದ್ದ ಇಂಜಿನ್ ತೋರಿಸಿದರು. 2009ರ ಬೊಲೆರೋದ್ದು, ಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್.

"ಗೌಡ್ರೆ, ಈ ಸೆನ್ಸಾರ್ ಸಹವಾಸ ಸಾಕು ಬಿಡಿ. ಇದನ್ನ ಹಾಕ್ಕೊಡ್ತೀನಿ. ಪಂಪಿಗೆ ಡೀಸೆಲ್ ಬಂದ್ರೆ ಓಡ್ತದೆ, ಬರ್ಲಿಲ್ಲ ಅಂದ್ರೆ ನಿಲ್ತದೆ. ಮಧ್ಯ ಕಂಪ್ಯೂಟರ್ ಕಾಟ ಇಲ್ಲ."

ಮಲೆನಾಡಿನಲ್ಲಿ ಡಿಐ ಇಂಜಿನ್ನಿನ ಮೇಲೆ ಜನರಿಗಿರುವ ಪ್ರೀತಿ ಸುಮ್ಮನೆ ಬಂದದ್ದಲ್ಲ. ಮೆಕ್ಯಾನಿಕಲ್ ಪಂಪು, ನಾಝಲ್, ಅಷ್ಟೇ. ಮಳೆಗಾಲದಲ್ಲಿ ತೋಟದ ಮಧ್ಯ ಕೈಕೊಟ್ಟರೂ ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಎಬ್ಬಿಸಬಹುದು. ನನ್ನ ಗಾಡಿಯಲ್ಲಿದ್ದದ್ದು 2011ರ ಹೊಸ ರೂಪದೊಂದಿಗೆ ಬಂದ ಎಂ2ಡಿಐಸಿಆರ್, ಅಂದರೆ ಅದೇ ಮನೆತನದ ಇಂಜಿನ್ನಿಗೆ ಕಾಮನ್ ರೈಲ್ ಅನ್ನುವ, ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ ಕೂರಿಸಿದ್ದು. ಎರಡೂ 2523 ಸಿಸಿ, ಎರಡೂ ನಾಲ್ಕು ಸಿಲಿಂಡರ್, ಎರಡೂ ಡೀಸೆಲ್, ಎರಡೂ ಒಂದೇ ಕಂಪನಿಯದ್ದು. ಆರ್‌ಸಿಯಲ್ಲಿ ಇಂಜಿನ್ ನಂಬರ್ ಬಿಟ್ಟು ಬೇರೇನೂ ಬದಲಾಗುವುದಿಲ್ಲ ಅನ್ನುವುದು ಮೇಸ್ತ್ರಿಯ ವಾದ. ನನಗೂ ಅದು ಗಟ್ಟಿ ವಾದವಾಗಿಯೇ ಕಂಡಿತು. ಆದರೂ ಇಂಜಿನ್ ಇಳಿಸುವ ಮೊದಲು ಒಂದು ಮಾತು ಕೇಳಿಬಿಡೋಣ ಅಂತ ಆರ್‌ಟಿಓ ಕಚೇರಿಗೆ ಹೋದೆ.

ಬಾಗಿಲಲ್ಲೇ ಸಿಕ್ಕ ಏಜೆಂಟರು "ಅದೆಲ್ಲ ಕೇಳೋಕೆ ಹೋಗ್ಬೇಡಿ, ಹಾಕಿಸ್ಕೊಂಡು ಓಡಿಸಿ, ಯಾರು ಬಾನೆಟ್ ಎತ್ತಿ ನೋಡ್ತಾರೆ" ಅಂದರು. ಅರ್ಧ ಜಿಲ್ಲೆ ಓಡುತ್ತಿರುವುದೇ ಹಾಗೆ. ಒಳಗೆ ಹೋಗಿ ಬ್ರೇಕ್ ಇನ್‌ಸ್ಪೆಕ್ಟರ್ ಅವರನ್ನ ಕಂಡೆ. ಹುದ್ದೆಯ ಹೆಸರು ಮೋಟಾರು ವಾಹನ ನಿರೀಕ್ಷಕರು, ಆದರೆ ನಮ್ಮೂರಿನ ಬಾಯಿಗೆ ಅವರು ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರೇ. ನನ್ನ ವಾದವನ್ನ ಪೂರ್ತಿ ಕೇಳಿಸಿಕೊಂಡರು.

"ಕಂಪನಿ ಒಂದೇ, ಸಿಸಿ ಒಂದೇ, ಡೀಸೆಲ್ಲೇ. ಆಯ್ತು. ಬಿಎಸ್ ಎಷ್ಟು?"

ನನ್ನ ಆರ್‌ಸಿ ತೆಗೆದು ತೋರಿಸಿದರು. ಎಮಿಷನ್ ನಾರ್ಮ್ಸ್ ಅನ್ನುವ ಜಾಗದಲ್ಲಿ ಭಾರತ್ ಸ್ಟೇಜ್ 4 ಅಂತ ಇತ್ತು. ಬಿಎಸ್ ಅಂದರೆ ಅದೇ, ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ; ಅಂಕಿ ಹೆಚ್ಚಾದಷ್ಟೂ ಮಿತಿ ಬಿಗಿ. ಗಾಡಿ ಮೊದಲು ನೋಂದಣಿಯಾದದ್ದು ಬೆಂಗಳೂರಿನಲ್ಲಿ. 2010ರ ಏಪ್ರಿಲ್‌ನಿಂದಲೇ ಬೆಂಗಳೂರು ಸೇರಿ ದೇಶದ 13 ನಗರಗಳಲ್ಲಿ ಬಿಎಸ್-4 ಕಡ್ಡಾಯವಾಗಿತ್ತು. ಉಳಿದ ಊರುಗಳಿಗೆ ಆ ವರ್ಷ ಬಂದದ್ದು ಬಿಎಸ್-3. ಇಡೀ ದೇಶಕ್ಕೆ ಬಿಎಸ್-4 ಆದದ್ದು 2017ರ ಏಪ್ರಿಲ್ 1ಕ್ಕೆ. ಹಾಗಾಗಿ ಮಧ್ಯದ ಆ ಏಳು ವರ್ಷ ಕಂಪನಿಗಳು ಒಂದೇ ಹೆಸರಿನ ಗಾಡಿಯನ್ನ ಊರು ನೋಡಿಕೊಂಡು ಎರಡು ಬಗೆಯಲ್ಲಿ ಮಾರುತ್ತಿದ್ದವು. ಬೊಲೆರೋ ಕೂಡ ಬಿಎಸ್-3, ಬಿಎಸ್-4 ಎರಡರಲ್ಲೂ ಸಿಗುತ್ತಿತ್ತು. ಮೇಸ್ತ್ರಿಯ ಶೆಡ್ಡಿನಲ್ಲಿದ್ದದ್ದು 2009ರಲ್ಲಿ ನಮ್ಮ ಕಡೆಯೇ ನೋಂದಣಿಯಾದ ಗಾಡಿಯದ್ದು. ಅದು ಬಿಎಸ್-3 ಕೂಡ ಅಲ್ಲ, ಬಿಎಸ್-2.

ಇನ್‌ಸ್ಪೆಕ್ಟರ್ ಹೇಳಿದ್ದು ಇಷ್ಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೊದಲು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನ ಬದಲಿಸುವಂತಿಲ್ಲ. "ನಿಮ್ಮ ಗಾಡೀನ ಕಂಪನಿ ಬಿಎಸ್-4 ಅಂತ ಮಾರಿದೆ. ಬಿಎಸ್-2 ಇಂಜಿನ್ ಕೂರಿಸಿದ್ರೆ ಅದು ಕಂಪನಿ ಮಾರಿದ ಗಾಡಿ ಅಲ್ಲ. ನಾನು ನಂಬರ್ ಎಂಟ್ರಿ ಮಾಡೋಕಾಗಲ್ಲ."

ನಾನು ಚಿಕ್ಕಪ್ಪನ ಆರ್‌ಸಿ ಪುಸ್ತಕದ ಕಥೆ ತೆಗೆದೆ. ಅವರು ನಕ್ಕರು. 1988ರ ಕಾಯ್ದೆಯ ಮೂಲ ರೂಪದಲ್ಲಿ ಆರ್‌ಟಿಓಗೆ ಮೊದಲೇ ತಿಳಿಸಿ ಅನುಮತಿ ಪಡೆದರೆ ಬದಲಾವಣೆಗೆ ಅವಕಾಶ ಇತ್ತಂತೆ. 2000ದ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿತು. ಆಮೇಲೂ ಕೆಲವು ಕಡೆ ರಾಜ್ಯಗಳ ನಿಯಮ ತೋರಿಸಿ ಜನ ಅನುಮತಿ ಪಡೆಯುತ್ತಿದ್ದರು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ನಿಯಮ ಕಾಯ್ದೆಯನ್ನ ಮೀರುವಂತಿಲ್ಲ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದು ಅಂತ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ನನ್ನ ಹೊಸದಾಗಿ ಬರೆದರು. ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೇಸ್ತ್ರಿಗಲ್ಲ, ಮಾಲೀಕನಿಗೆ.

ಒಂದು ವಿಷಯ ಮಾತ್ರ ನನಗೆ ಈಗಲೂ ತಮಾಷೆ ಅನ್ನಿಸುತ್ತದೆ. ಅದೇ 52ನೇ ಸೆಕ್ಷನ್ನಿನಲ್ಲಿ, ಅನುಮೋದನೆ ಪಡೆದ ಕಿಟ್ ಹಾಕಿಸಿ ಗಾಡಿಯನ್ನ ಸಿಎನ್‌ಜಿಗೋ ಬ್ಯಾಟರಿಗೋ ಬದಲಿಸಲು ದಾರಿ ಇದೆ. ನನ್ನ ಬೊಲೆರೋ ಇಂಜಿನ್ನನ್ನೇ ಕಿತ್ತೆಸೆದು ಕರೆಂಟಿನ ಗಾಡಿಯಾದರೆ ಅಡ್ಡಿಯಿಲ್ಲ, ಅದರ ಸ್ವಂತ ಅಣ್ಣನ ಇಂಜಿನ್ ಹಾಕಿಕೊಂಡರೆ ಅಪರಾಧ. ಹೊಗೆಯ ಲೆಕ್ಕದಲ್ಲಿ ನೋಡಿದರೆ ಅದು ಸರಿಯೇ, ನಾನೇನೂ ಜಗಳಕ್ಕೆ ನಿಲ್ಲುವುದಿಲ್ಲ. ಇನ್ನೊಂದು ಉಪವಿಧಿಯಲ್ಲಿ, ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇಟ್ಟುಕೊಂಡವರಿಗೆ ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ವಿನಾಯಿತಿ ಕೊಡಬಹುದು: ಅದೇ ತಯಾರಿಕೆಯ, ಅದೇ ಮಾದರಿಯ ಇಂಜಿನ್ ಆದರೆ ಮೊದಲೇ ಅನುಮತಿ ಕೇಳದೆ ಬದಲಿಸಬಹುದು, ಹದಿನಾಲ್ಕು ದಿನದೊಳಗೆ ವರದಿ ಮಾಡಿದರೆ ಸಾಕು. ನನಗಿರುವುದು ಒಂದು ಗಾಡಿ, ಅದೂ ಬಿಳಿ ಬೋರ್ಡಿನದು.

ಸಿಸಿ ಒಂದೇ ಆದರೆ ಹೊಗೆ ಒಂದೇ ಆಗುತ್ತದೆಯೇ ಅನ್ನುವ ಪ್ರಶ್ನೆಗೆ ಎಮಿಷನ್ ಟೆಸ್ಟಿನವರ ಹತ್ತಿರ ಉತ್ತರ ಸಿಕ್ಕಿತು. ಡೀಸೆಲ್ ಗಾಡಿಯನ್ನ ಪೂರ್ತಿ ರೇಸ್ ಕೊಟ್ಟು, ಹೊಗೆ ಎಷ್ಟು ಬೆಳಕು ತಡೆಯುತ್ತದೆ ಅಂತ ಅಳೆಯುತ್ತಾರೆ. ಬಿಎಸ್-4ಕ್ಕಿಂತ ಮೊದಲಿನ ಡೀಸೆಲ್ ಗಾಡಿಗೆ ಮಿತಿ 2.45. ಬಿಎಸ್-4ಕ್ಕೆ 1.62. ಬಿಎಸ್-6ಕ್ಕೆ 0.7. ಮಿತಿ ಯಾವುದು ಅಂತ ನಿರ್ಧರಿಸುವುದು ಇಂಜಿನ್ನಿನ ವಯಸ್ಸಲ್ಲ, ಗಾಡಿಯ ದಾಖಲೆ. ಶೆಡ್ಡಿನಲ್ಲಿದ್ದ ಡಿಐ ತನ್ನ ಹಳೇ ಗಾಡಿಯಲ್ಲಿ ಆರಾಮಾಗಿ ಪಾಸಾಗುತ್ತಿತ್ತು. ನನ್ನ ಗಾಡಿಯ ಬಾನೆಟ್ ಕೆಳಗೆ ಕೂತು ಪ್ರತಿ ಸಲ 1.62ರ ಒಳಗೆ ಬರಬೇಕಾದರೆ ಪಂಪ್ ಮೇಸ್ತ್ರಿ ಜತೆಯಲ್ಲೇ ಇರಬೇಕಾಗುತ್ತಿತ್ತು.

ಈ ಪೇಚಾಟವನ್ನ ಅಮೆರಿಕದಲ್ಲಿರುವ ಅಣ್ಣನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಹಳೇ ಹೋಂಡಾ ಸಿವಿಕ್‌ಗಳ ಹುಚ್ಚು. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಇನ್ನೂ ನೇರವಂತೆ. ಇಂಜಿನ್ ಗಾಡಿಯ ಮಾಡೆಲ್ ವರ್ಷದ್ದೇ ಆಗಿರಬೇಕು ಇಲ್ಲವೇ ಅದಕ್ಕಿಂತ ಹೊಸದಿರಬೇಕು, ಹಳೆಯದು ಕೂಡದು. 1999ರ ಸಿವಿಕ್‌ಗೆ 1995ರ ಇಂಟೆಗ್ರಾ ಕಾರಿನ ಇಂಜಿನ್ ಹಾಕುವ ಹಾಗಿಲ್ಲ. ಹೊಸದು ಹಾಕಿದರೂ ಅದರ ಜತೆ ಬಂದಿದ್ದ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸಾರ್, ಹೊಗೆ ನಿಯಂತ್ರಣದ ಸಾಮಾನೆಲ್ಲ ಜತೆಗೇ ಬರಬೇಕು. ಕೊನೆಗೆ ರೆಫರಿ ಅಂತ ಕರೆಯುವ ಪರೀಕ್ಷಕರು ನೋಡಿ ಗಾಡಿಗೆ ಲೇಬಲ್ ಅಂಟಿಸುತ್ತಾರೆ. ನಮ್ಮಲ್ಲಿ ವರ್ಷದ ಲೆಕ್ಕ ಇಲ್ಲ, ಮಾದರಿ ಮತ್ತು ಬಿಎಸ್ ಲೆಕ್ಕ. ಇದು ನನಗೆ ಅನುಕೂಲವೇ ಆಯಿತು. ಯಾಕೆಂದರೆ ನಾನು ಕಚೇರಿಯಿಂದ ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಒಂದು ಮಾತು ಹೇಳಿದ್ದರು: ಅದೇ ಎಂ2ಡಿಐಸಿಆರ್, ಅದೇ ಬಿಎಸ್-4 ತನ್ನಿ, ನಿಮ್ಮ ಗಾಡಿಗಿಂತ ಎರಡು ವರ್ಷ ಹಳೇದಾದರೂ ನನಗೆ ತಕರಾರಿಲ್ಲ. ಆದರೆ ಅದು ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಬೇಕು.

ಕಾಗದ. ನಿಜವಾದ ಕಷ್ಟ ಶುರುವಾದದ್ದು ಇಲ್ಲಿ.

ಗುಜರಿಯಲ್ಲಿ ಇಂಜಿನ್ನಿಗೆ ಬರಗಾಲವಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ, ಹಾಸನದಲ್ಲಿ, ಎಲ್ಲ ಕಡೆ ವಿಚಾರಿಸಿದೆ. "ಗ್ಯಾರಂಟಿ ಇಂಜಿನ್, ಸ್ಟಾರ್ಟ್ ಮಾಡಿ ತೋರಿಸ್ತೀನಿ" ಅನ್ನುವವರು ಬೇಕಾದಷ್ಟು ಜನ. ಅದು ಯಾವ ಗಾಡಿಯದ್ದು, ಆ ಗಾಡಿಯ ಆರ್‌ಸಿ ರದ್ದಾಗಿದೆಯೇ ಅಂತ ಕೇಳಿದ ತಕ್ಷಣ ಮಾತು ನಿಲ್ಲುತ್ತಿತ್ತು. ಒಬ್ಬರಂತೂ "ನಂಬರ್ ನಿಮಗೆ ಬೇಕಾದ್ದು ಹೊಡೆಸಿ ಕೊಡ್ತೀನಿ" ಅಂದರು. ನನ್ನದೇ ಹಳೇ ನಂಬರನ್ನ ಹೊಸ ಬ್ಲಾಕಿನ ಮೇಲೆ ಕೆತ್ತಿಸಿಕೊಂಡು ಸುಮ್ಮನಿರುವ ಉಪಾಯ. ಇದನ್ನ ಮಾಡಿಸಿಕೊಂಡವರು ನನಗೆ ಗೊತ್ತು. ಸಿಕ್ಕಿಬಿದ್ದರೆ ಅದು ಮೋಟಾರು ಕಾಯ್ದೆಯ ದಂಡದಲ್ಲಿ ಮುಗಿಯುವ ಕೇಸಲ್ಲ, ಕದ್ದ ಮಾಲಿನ ಅನುಮಾನ, ಪೊಲೀಸ್ ಸ್ಟೇಷನ್ನಿನ ಕೇಸು.

ಇನ್‌ಸ್ಪೆಕ್ಟರ್ ಯಾಕೆ ಅಷ್ಟು ಬಿಗಿಯಾಗಿದ್ದರು ಅನ್ನುವುದು ಆಗ ಅರ್ಥವಾಯಿತು. ಆ್ಯಕ್ಸಿಡೆಂಟಿನಲ್ಲಿ ಪೂರ್ತಿ ಜಖಂ ಆದ ಗಾಡಿಗೆ ವಿಮೆಯವರು ದುಡ್ಡು ಕೊಟ್ಟು, ಅವಶೇಷವನ್ನ ಹರಾಜು ಹಾಕುತ್ತಾರೆ. ಅಂಥ ಗಾಡಿಯ ಆರ್‌ಸಿಯನ್ನ ಮಾಲೀಕ 55ನೇ ಸೆಕ್ಷನ್ ಪ್ರಕಾರ ವಾಪಸ್ ಕೊಟ್ಟು ನೋಂದಣಿ ರದ್ದು ಮಾಡಿಸಬೇಕು. ಬಹಳ ಸಲ ಮಾಡಿಸುವುದಿಲ್ಲ. ಆ ಜೀವಂತ ಆರ್‌ಸಿ ಕಳ್ಳರಿಗೆ ಬಂಗಾರ: ಅದೇ ಬಣ್ಣದ, ಅದೇ ಮಾಡೆಲ್ಲಿನ ಗಾಡಿ ಕದ್ದು ಈ ಕಾಗದ ಹೊದಿಸಿದರೆ ಮುಗಿಯಿತು.

ಕೊನೆಗೆ ಹಾಸನದ ಒಬ್ಬರ ಬಳಿ ಎರಡು ಇಂಜಿನ್ ಕಾಗದಸಮೇತ ಇದ್ದವು. ಮೊದಲನೆಯ ಗಾಡಿಯ ವಿವರವನ್ನ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಎಮಿಷನ್ ನಾರ್ಮ್ಸ್ ಜಾಗದಲ್ಲಿ "ನಾಟ್ ಅವೈಲಬಲ್" ಅಂತ ಬಂತು. ಹಳೇ ಗಾಡಿಗಳಲ್ಲಿ ಇದು ಸಾಮಾನ್ಯ. ದಾಖಲೆಯನ್ನ ಕಂಪ್ಯೂಟರಿಗೆ ಏರಿಸಿದಾಗ ಆ ಕಾಲಂ ಖಾಲಿ ಉಳಿದುಬಿಟ್ಟಿರುತ್ತದೆ. ಆಗ ನೋಡಬೇಕಾದದ್ದು ಫಾರಂ 22. ಗಾಡಿ ಹೊಗೆಯ ಮತ್ತು ಸುರಕ್ಷತೆಯ ನಿಯಮಕ್ಕೆ ಹೊಂದುತ್ತದೆ ಅಂತ ಕಂಪನಿ ಕೊಡುವ ಪ್ರಮಾಣಪತ್ರ ಅದು. ಹೊಸ ಗಾಡಿ ಕೊಂಡಾಗ ಷೋರೂಮಿನವರು ಕೊಡುವ ಕಾಗದದ ಕಟ್ಟಿನಲ್ಲಿ ಅದೂ ಇರುತ್ತದೆ, ಯಾರೂ ಓದುವುದಿಲ್ಲ. ಮೊದಲನೆಯ ಇಂಜಿನ್ನಿನ ಕಟ್ಟಿನಲ್ಲಿ ಅದು ಇರಲಿಲ್ಲ, ಬಿಟ್ಟೆ. ಎರಡನೆಯದು 2012ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಬೊಲೆರೋದ್ದು. ಮರ ಬಿದ್ದು ಮೇಲ್ಭಾಗ ಅಪ್ಪಚ್ಚಿಯಾಗಿತ್ತು, ಇಂಜಿನ್ನಿಗೆ ಏನೂ ಆಗಿರಲಿಲ್ಲ. ಫಾರಂ 22ರ ನಕಲು ಇತ್ತು, ಬಿಎಸ್-4 ಅಂತ ಸ್ಪಷ್ಟವಾಗಿತ್ತು. ಆರ್‌ಸಿ ರದ್ದಾದ ಪತ್ರ, ವಿಮೆಯವರ ಪತ್ರ, ಗುಜರಿಯವರು ಕೊಂಡ ರಸೀದಿ, ನನಗೆ ಜಿಎಸ್‌ಟಿ ಬಿಲ್ಲು, ಎಲ್ಲ ಸಿಕ್ಕಿತು. ಕಾಗದವಿಲ್ಲದ ಇಂಜಿನ್ನಿಗಿಂತ ಇದಕ್ಕೆ ಹೆಚ್ಚೂಕಡಿಮೆ ಒಂದೂವರೆ ಪಟ್ಟು ಕೊಟ್ಟೆ. ಇಂಜಿನ್ ನಂಬರನ್ನ ಕದ್ದ ವಾಹನಗಳ ಪೊಲೀಸ್ ದಾಖಲೆಯಲ್ಲೂ ಹುಡುಕಿಸಿ, ಇಲ್ಲ ಅನ್ನುವ ಪ್ರಿಂಟ್ ತೆಗೆಸಿಕೊಂಡೆ.

ಗಾಡಿ ಕೊಳ್ಳುವಾಗಲೇ ಹಿಂದಿನವರ ಸಾಲದ ನಮೂದು ತೆಗೆಸಿದ್ದೆ, ಹಾಗಾಗಿ ಬ್ಯಾಂಕಿನ ಒಪ್ಪಿಗೆ ಪತ್ರದ ತಾಪತ್ರಯ ಇರಲಿಲ್ಲ. ಸಾಲ ಇನ್ನೂ ಇರುವವರು ಮೊದಲು ಅದನ್ನ ನೋಡಿಕೊಳ್ಳಬೇಕು. ಪರಿವಾಹನ್ ಜಾಲತಾಣದಲ್ಲಿ ವಾಹನ ಬದಲಾವಣೆಯ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಕಾಗದವನ್ನೆಲ್ಲ ಏರಿಸಿ, ಮೂಲ ಪ್ರತಿಗಳನ್ನ ಕಚೇರಿಗೆ ತೋರಿಸಿದೆ. ಅನುಮತಿ ಬಂದ ಮೇಲೆಯೇ ಮೇಸ್ತ್ರಿಗೆ ಹಸಿರು ನಿಶಾನೆ ಕೊಟ್ಟದ್ದು. ಅವರಿಗೆ ಸ್ವಲ್ಪ ಬೇಜಾರು. ಡಿಐ ಆಗಿದ್ದರೆ ವೈರಿಂಗನ್ನೆಲ್ಲ ಕಿತ್ತುಹಾಕಿ ನಿಶ್ಚಿಂತೆಯಾಗಿರಬಹುದಿತ್ತು. ಇದಕ್ಕೆ ಇಂಜೆಕ್ಟರ್ ಮೇಲಿನ ಕೋಡುಗಳನ್ನ ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಬರೆಸಲು ಹಾಸನದಿಂದ ಹುಡುಗನೊಬ್ಬನನ್ನ ಕರೆಸಬೇಕಾಯಿತು. ಉಳಿದಂತೆ ಬೋಲ್ಟಿಗೆ ಬೋಲ್ಟು ಕೂತಿತು. ಶೆಡ್ಡಿನ ಡಿಐಯನ್ನ ಬಾಳೂರು ಕಡೆಯ ಬೆಳೆಗಾರರೊಬ್ಬರು ಒಯ್ದು ಸ್ಪ್ರಿಂಕ್ಲರ್ ಪಂಪಿಗೆ ಜೋಡಿಸಿಕೊಂಡರು. ಕೆರೆ ದಂಡೆಯಲ್ಲಿ ಕೂತು ಕಾಫಿ ಗಿಡಕ್ಕೆ ನೀರು ಹೊಡೆಯುವ ಇಂಜಿನ್ನಿಗೆ ಆರ್‌ಸಿ ಇಲ್ಲ, 52ನೇ ಸೆಕ್ಷನ್ ಇಲ್ಲ.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ, ಗ್ರೀಸ್ ಒರೆಸಿ, ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಚಾಸಿ ನಂಬರಿಗೂ ಹಾಗೇ. ಅಕ್ಷರಗಳ ಅಂತರ, ಆಳ, ಸುತ್ತಲಿನ ಲೋಹದಲ್ಲಿ ಉಜ್ಜಿದ ಗುರುತು ಏನಾದರೂ ಇದೆಯಾ ಅಂತ ಟಾರ್ಚ್ ಹಾಕಿ ನೋಡಿದರು. ಗುಜರಿಯ ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಾಗಿ ಟೈಪಾಗಿತ್ತು, 8 ಇರಬೇಕಾದ ಕಡೆ ಬಿ ಅಂತ. ಅದನ್ನ ತಿದ್ದಿಸಿ ಹೊಸ ಬಿಲ್ಲು ತರುವವರೆಗೆ ಕೆಲಸ ನಿಂತಿತು. ಇಂಜಿನ್ ಒಯ್ಯುವ ಮೊದಲೇ ಬಿಲ್ಲನ್ನ ಬ್ಲಾಕಿನ ಪಕ್ಕ ಹಿಡಿದು ಒಂದೊಂದೇ ಅಕ್ಷರ ಹೋಲಿಸುವುದು ಒಳ್ಳೆಯದು. ಮೇಸ್ತ್ರಿ ಬಣ್ಣ ಬಳಿಯುವ ಮುಂಚೆ ನಂಬರಿನ ಫೋಟೋ ತೆಗೆದಿಟ್ಟುಕೊಂಡದ್ದು ಆಗ ಉಪಯೋಗಕ್ಕೆ ಬಂತು. ಎಮಿಷನ್ ಟೆಸ್ಟಿನಲ್ಲಿ ರೀಡಿಂಗ್ 1.62ಕ್ಕಿಂತ ಸಾಕಷ್ಟು ಕೆಳಗೇ ಇತ್ತು.

ಹೊಸ ಆರ್‌ಸಿ ಕಾರ್ಡ್ ಬಂದ ಮೇಲೆ ವಿಮಾ ಕಂಪನಿಗೆ ಬರೆದೆ. ಅವರ ಪಾಲಿಸಿಯಲ್ಲಿ ಹಳೇ ಇಂಜಿನ್ ನಂಬರೇ ಇತ್ತು. ಏಜೆಂಟ್ "ರಿನ್ಯೂವಲ್ಲಿಗೆ ಬಂದಾಗ ನೋಡೋಣ ಸರ್, ಇದನ್ನ ಯಾರೂ ಕೇಳಲ್ಲ" ಅಂದ. ಮಧ್ಯೆ ಏನಾದರೂ ಆಗಿ ಕ್ಲೇಮಿಗೆ ಹೋದರೆ ಮೊದಲು ಕೇಳುವುದು ಅದನ್ನೇ. ಪಟ್ಟು ಹಿಡಿದು, ಪಾಲಿಸಿಗೆ ಹೊಸ ನಂಬರ್ ಸೇರಿಸಿದ ಎಂಡಾರ್ಸ್‌ಮೆಂಟ್ ಪತ್ರ ತರಿಸಿಕೊಂಡೆ. 2014ರ ಗಾಡಿ, ಹದಿನೈದು ವರ್ಷ ತುಂಬಿ 2029ರಲ್ಲಿ ಆರ್‌ಸಿ ನವೀಕರಣಕ್ಕೆ ಹೋಗಬೇಕು. ಆಗ ಬಾನೆಟ್ ಎತ್ತಿ ನೋಡುವವರು ಬೇರೆ ಇನ್‌ಸ್ಪೆಕ್ಟರ್ ಆಗಿರುತ್ತಾರೆ. ಹಾಗಾಗಿ ಬಿಲ್ಲು, ಫಾರಂ 22ರ ನಕಲು, ರದ್ದತಿ ಪತ್ರ, ಪೊಲೀಸ್ ಪ್ರಿಂಟ್, ಎಲ್ಲ ಒಂದೇ ಫೈಲಿನಲ್ಲಿ ತೋಟದ ಪಹಣಿ ಪತ್ರಗಳ ಜತೆ ಬೀರುವಿನಲ್ಲಿದೆ.